ಸ್ಕೈಡೈವಿಂಗ್ ಟಿವಿಗೆ ಬಂದರೆ

ಸ್ಕೈಡೈವಿಂಗ್, ಅಂದರೆ ವಿಮಾನದಿಂದ ಜಿಗಿದು ಪ್ಯಾರಾಚೂಟಿನಲ್ಲಿ ಇಳಿಯುವ ಆಟ. ಅದರ ಪಂದ್ಯ ಟಿವಿಯಲ್ಲಿ ಯಾಕೆ ಜನರನ್ನು ಹಿಡಿದು ಕೂರಿಸುವುದಿಲ್ಲ? 2012ರಲ್ಲಿ ಆಸ್ಟ್ರಿಯಾದ ಸಾಹಸಿ ಫೆಲಿಕ್ಸ್ ಬಾಮ್‌ಗಾರ್ಟ್ನರ್ ಸುಮಾರು 39 ಕಿಲೋಮೀಟರ್ ಎತ್ತರದಿಂದ ಹಾರಿದ್ದನ್ನು ಲಕ್ಷಾಂತರ ಜನ ಯೂಟ್ಯೂಬ್‌ನಲ್ಲಿ ನೇರವಾಗಿ ನೋಡಿದರು. ಅಂದರೆ ನೋಡುವ ಆಸೆ ಇದೆ, ಅಲ್ವಾ?

ಆದರೆ ಅದು ಸಾಹಸ. ಪಂದ್ಯದ ಕಥೆಯೇ ಬೇರೆ. ನಾಲ್ವರ ಫಾರ್ಮೇಷನ್ ಸ್ಪರ್ಧೆಯಲ್ಲಿ ಸಿಗುವುದು ಬರೀ 35 ಸೆಕೆಂಡ್. ಅಷ್ಟರಲ್ಲಿ ಒಬ್ಬರನ್ನೊಬ್ಬರು ಹಿಡಿದು, ಬಿಟ್ಟು, ಮೊದಲೇ ಗೊತ್ತುಮಾಡಿದ ಆಕಾರಗಳನ್ನು ಸಾಲಾಗಿ ಕಟ್ಟುತ್ತಾ ಹೋಗಬೇಕು. ಐದನೆಯವರು ಹೆಲ್ಮೆಟ್ಟಿಗೆ ಕ್ಯಾಮೆರಾ ಹಾಕಿಕೊಂಡು ಜೊತೆಗೇ ಬೀಳುತ್ತಾರೆ. ಆ ವಿಡಿಯೋ ನೋಡಿಯೇ ಅಂಕ. ಎಂಥಾ ಚೆಂದದ ಆಟ! ಆದರೆ ಹೊಸಬರಿಗೆ ಯಾರು ಮುಂದಿದ್ದಾರೆ ಅಂತಲೇ ತಿಳಿಯುವುದಿಲ್ಲ.

ನಮ್ಮ ಬೆಳಗಾವಿಯ ಕುಸ್ತಿ ಕಣದಲ್ಲಿ ಹಾಗಲ್ಲ. ಪೈಲ್ವಾನ ಯಾವ ಪಟ್ಟು ಹಾಕಿದ, ಎದುರಾಳಿ ಹೇಗೆ ಬಿಡಿಸಿಕೊಂಡ ಅಂತ ಪಕ್ಕದಲ್ಲಿ ಕೂತ ಕಾಕಾ ಹೇಳುತ್ತಲೇ ಇರುತ್ತಾರೆ. ಆಟ ತಾನಾಗಿ ಅರ್ಥವಾಗುತ್ತದೆ. ಸ್ಕೈಡೈವಿಂಗಿಗೂ ಅಂಥ ಕನ್ನಡ ಕಾಮೆಂಟರಿ ಬೇಕು. ಎರಡು ತಂಡಗಳ ಜಿಗಿತವನ್ನು ಅಕ್ಕಪಕ್ಕ ತೋರಿಸಬೇಕು. ಮೂಲೆಯಲ್ಲಿ ಅಂಕ ಏರುತ್ತಿರಬೇಕು.

ನನ್ನನ್ನು ಕೇಳಿದರೆ ಮೊದಲು ತೋರಿಸಬೇಕಾದದ್ದು ಗುರಿ ಇಳಿತ. ಪ್ಯಾರಾಚೂಟಿನಲ್ಲಿ ತೇಲಿ ಬಂದು, ನಡುವಿನ 2 ಸೆಂಟಿಮೀಟರ್ ಚುಕ್ಕೆಗೆ ಹಿಮ್ಮಡಿ ತಾಗಿಸಬೇಕು. ತಪ್ಪಿದರೆ ಎಷ್ಟು ದೂರ ಅಂತ ಅಳತೆ. ಇದನ್ನು ನಮ್ಮ ಮನೆಯ ಅಜ್ಜಿಗೂ ಯಾರೂ ವಿವರಿಸಬೇಕಾಗಿಲ್ಲ. ಕ್ರೀಡಾ ಚಾನೆಲ್‌ನವರು ಇಲ್ಲಿಂದಲೇ ಶುರು ಮಾಡಲಿ.