ಮಸಿ ತೋರಿಸಿದಲ್ಲಿ ಮಾತ್ರ ಉಳಿ

ಉದ್ದ ಕೋವಿಯ ಕಿಟ್ ಕೈಗೆ ಬಂದ ಮೇಲಿನ ಮೊದಲ ಶನಿವಾರ ಆಗಬೇಕಾದ ಕೆಲಸ ಎರಡೇ. ನಳಿಗೆ ಮರದಲ್ಲಿ ಹಿಂದಕ್ಕೆ ಒರಗಿ ಕೂರಬೇಕು, ಮದ್ದಿಗೆ ಕಿಡಿ ಕೊಡುವ ಯಂತ್ರಭಾಗವಾದ ಲಾಕ್ ಅದರ ಪಕ್ಕಕ್ಕೆ ಅಂಟಿದ ಹಾಗೆ ಇಳಿಯಬೇಕು. ಬೆಳಿಗ್ಗೆ ಎಂಟಕ್ಕೆ ಮೇಜಿನ ಮುಂದೆ ನಿಂತವರಿಗೆ ರಾತ್ರಿ ಊಟದ ಹೊತ್ತಿಗೆ ಇಷ್ಟು ಮುಗಿದಿದ್ದರೆ ದಿನ ಸಾರ್ಥಕ. ಉಳಿದ ನೂರಕ್ಕೂ ಹೆಚ್ಚು ಗಂಟೆಗಳ ಕೆಲಸ ಈ ಒಂದು ದಿನದ ಮೇಲೆ ನಿಂತಿದೆ. ಹಾಗಾಗಿ ಇಲ್ಲಿ ಬರೆಯುತ್ತಿರುವುದು ಹೆಚ್ಚಾಗಿ ಆ ದಿನದ ಬಗ್ಗೆಯೇ.

ಕೋವಿ ಎಂದರೆ ಇಲ್ಲಿ ಪೆನ್ಸಿಲ್ವೇನಿಯಾ ರೈಫಲ್. ಕೆಂಟಕಿ ರೈಫಲ್ ಎಂಬ ಹೆಸರೂ ಇದಕ್ಕೇ. 18ನೇ ಶತಮಾನದಲ್ಲಿ ಲ್ಯಾಂಕಾಸ್ಟರ್ ಸುತ್ತಮುತ್ತ ನೆಲೆಸಿದ ಜರ್ಮನ್ ಕುಶಲಕರ್ಮಿಗಳು ತಮ್ಮ ಕಡೆಯ ಗಿಡ್ಡ, ದಪ್ಪ ಯೇಗರ್ ಕೋವಿಯನ್ನು ಎಳೆದು ಉದ್ದ ಮಾಡಿ, ಬಾಯಿ ಕಿರಿದು ಮಾಡಿ ರೂಪಿಸಿದ್ದು. ಎಂಟು ಮುಖದ ನಳಿಗೆ 42 ಇಂಚಿನ ಆಸುಪಾಸು, ತುದಿಯವರೆಗೂ ಹೋಗುವ ಅಲೆ ಚಿತ್ತಾರದ ಮೇಪಲ್ ಮರ, ಭುಜಕ್ಕೆ ಒರಗುವ ತುದಿಗೆ ಹಿತ್ತಾಳೆಯ ಹಿಮ್ಮಡಿ ತಗಡು, ಮದ್ದಿಗೆ ಬೆಂಕಿ ಕೊಡಲು ಚಕಮಕಿ ಕಲ್ಲು. ಕಿಟ್‌ಗಳಲ್ಲಿ ಎರಡು ಬಗೆ. ಕಂಪ್ಯೂಟರ್ ಯಂತ್ರ ಕೊರೆದು ಕೊಟ್ಟ ಮರದಲ್ಲಿ ಭಾಗಗಳು ಹೆಚ್ಚುಕಡಿಮೆ ಒತ್ತಿದರೆ ಕೂರುತ್ತವೆ. ಇನ್ನೊಂದರಲ್ಲಿ ಮರದ ಹೊರ ಆಕಾರ ಒರಟಾಗಿ ಬಂದಿರುತ್ತದೆ, ನಳಿಗೆ ಕೂರುವ ಉದ್ದ ತೋಡು, ಅಂದರೆ ಗಾಡಿ, ಮತ್ತು ಮದ್ದುಗುಂಡು ಒತ್ತುವ ಕೋಲಾದ ಗಜದ ತೂತು ಆಗಿರುತ್ತವೆ, ಲಾಕಿನ ಗುಳಿ ಅರೆಬರೆ. ಕಲಿಯಲೆಂದೇ ಕೂರುವವರಿಗೆ ನಾವು ಹೇಳುವುದು ಎರಡನೆಯದನ್ನೇ. ಮೊದಲನೆಯದರಲ್ಲಿ ಕೋವಿ ಚೆನ್ನಾಗಿ ಆಗುತ್ತದೆ, ಆದರೆ ಉಳಿ ಹಿಡಿಯುವ ಕೈ ಪಳಗುವುದಿಲ್ಲ.

ಮೇಜಿನ ಮೇಲೆ ಬೇಕಾದದ್ದು: 1/8, 1/4 ಮತ್ತು 1/2 ಇಂಚಿನ ಹರಿತ ಉಳಿಗಳು, 10 ಇಂಚಿನ ಚಪ್ಪಟೆ ಅರ, ಚರ್ಮ ಹಚ್ಚಿದ ವೈಸು, ಮರದ ಕೊಡತಿ, ಸ್ಪ್ರಿಂಗ್ ಬಿಗಿ ಹಿಡಿಯುವ ಸಣ್ಣ ವೈಸು, ಮತ್ತು ಕಬ್ಬಿಣ ಮರಕ್ಕೆ ತಾಗಿದ ಕಡೆ ಗುರುತು ಬಿಡಲು ಮಸಿ. ಅಂಗಡಿಯಲ್ಲಿ ಸಿಗುವ ಎಣ್ಣೆಮಸಿಯೂ ಆಗುತ್ತದೆ. ನಮಗೆ ಸರಿಬರುವುದು ಸೀಮೆಎಣ್ಣೆ ದೀಪದ ಹೊಗೆಯಲ್ಲಿ ಕಬ್ಬಿಣವನ್ನು ಹಿಡಿದು ಕಟ್ಟಿಸಿಕೊಂಡ ಮಸಿ. ಅದು ತೆಳುವಾಗಿ ಕೂರುತ್ತದೆ, ಸುಳ್ಳು ಹೇಳುವುದಿಲ್ಲ. ದಪ್ಪಗೆ ಬಳಿದ ಮಸಿ ತಾಗದ ಕಡೆಯೂ ಮೆತ್ತಿಕೊಂಡು, ತೆಗೆಯಬಾರದ ಮರವನ್ನು ತೆಗೆಸಿಬಿಡುತ್ತದೆ.

ಮೊದಲು ನಳಿಗೆ. ಹಿಂಬದಿಯ ಬಿರಡೆ ಕೂರಿಸಿಯೇ ಬಂದಿರುತ್ತದೆ, ಅದನ್ನು ಬಿಚ್ಚುವ ಗೋಜಿಗೆ ಹೋಗಬಾರದು. ಆದರೆ ಅದರ ಮುಖ ಎಲ್ಲಿದೆ ಎಂದು ತಿಳಿಯಲೇಬೇಕು. ಗಜವನ್ನು ಬಾಯಿಂದ ಇಳಿಸಿ, ತಳ ಮುಟ್ಟಿದಾಗ ಬಾಯಿಯ ಮಟ್ಟಕ್ಕೆ ಗುರುತು ಹಾಕಿ. ಹೊರತೆಗೆದು ಅದೇ ಗುರುತನ್ನು ಬಾಯಿಗೆ ಹೊಂದಿಸಿ ನಳಿಗೆಯ ಪಕ್ಕಕ್ಕೆ ಇಟ್ಟರೆ, ಗಜದ ತುದಿ ನಿಂತಲ್ಲಿ ಒಳಗಿನ ಬಿರಡೆಯ ಮುಖ. ಅಲ್ಲೊಂದು ಸೂಜಿಗೆರೆ ಎಳೆಯಿರಿ. ರಂಜಕದ, ಅಂದರೆ ಹೊರಗಿನ ಬಟ್ಟಲಿನಲ್ಲಿ ಮೊದಲು ಹೊತ್ತುವ ಮದ್ದಿನ, ಕಿಡಿ ಒಳಗೆ ಹೋಗುವ ತೂತು ಆ ಗೆರೆಗಿಂತ 1/8ರಿಂದ 5/32 ಇಂಚಿನಷ್ಟು ಮುಂದೆ ಬರಬೇಕು. ರಂಜಕದ ಬಟ್ಟಲಿನ ನಡುಮಧ್ಯಕ್ಕೆ, ಅದರ ಅಂಚಿನ ಮಟ್ಟಕ್ಕೆ ಬರಬೇಕು. ಮರದಲ್ಲಿ ಲಾಕಿನ ಜಾಗ ಆಗಲೇ ಅರ್ಧ ನಿಗದಿಯಾಗಿರುವುದರಿಂದ, ನಳಿಗೆ ಎಷ್ಟು ಹಿಂದೆ ಹೋಗಬೇಕು ಎಂಬುದನ್ನು ತೀರ್ಮಾನಿಸುವುದು ಈ ಗೆರೆಯೇ. ಕಣ್ಣಳತೆಯಲ್ಲಿ ನಳಿಗೆ ಕೂರಿಸಿ, ಆಮೇಲೆ ಬಟ್ಟಲು ಗೆರೆಯ ಹಿಂದೆ ಬಿತ್ತೆಂದು ಪೇಚಾಡುವವರು ಬಹಳ ಮಂದಿ. ಆಗ ಬಿರಡೆಯ ಮುಖವನ್ನೇ ಕಚ್ಚು ಮಾಡಬೇಕಾಗುತ್ತದೆ. ಅದು ಹೊಸಬರ ಕೆಲಸವಲ್ಲ.

ಗಾಡಿಯ ಹಿಂಗೊನೆಯಲ್ಲಿ ಯಂತ್ರದ ಕತ್ತಿ ಮೂಲೆಗಳನ್ನು ದುಂಡಗೆ ಬಿಟ್ಟಿರುತ್ತದೆ. ನಳಿಗೆಯ ಹಿಂಭಾಗವೋ ಚೌಕ. ಅಲ್ಲಿ ಮಸಿ ಹಚ್ಚಿ, ಕೂರಿಸಿ, ಬಾಯಿಯ ಕಡೆಯಿಂದ ಕೊಡತಿಯಲ್ಲಿ ಒಂದು ಮೆಲುಪೆಟ್ಟು ಕೊಟ್ಟು ಎತ್ತಿದರೆ ಎರಡು ಮೂಲೆಯಲ್ಲಿ ಎರಡು ಕರಿ ಚುಕ್ಕೆ. ಅಷ್ಟನ್ನೇ ಕೆತ್ತಬೇಕು. ಮತ್ತೆ ಹಚ್ಚಿ, ಮತ್ತೆ ಕೂರಿಸಿ. ಹದಿನೈದು ಇಪ್ಪತ್ತು ಸಲ ಹೀಗೆ ಆದ ಮೇಲೆ ಹಿಂಗೊನೆಯ ಮರದ ತುಂಬ ಕರಿ ಹರಡುತ್ತದೆ. ಈಡು ಹಾರಿದಾಗ ಬರುವ ಒದೆತವನ್ನು ಹೊರುವುದು ಈ ಮುಖವೇ. ಇಲ್ಲಿ ಸಂದು ಉಳಿದು, ಬಿರಡೆಯಿಂದ ಹಿಂದಕ್ಕೆ ಚಾಚಿದ ಬಾಲಪಟ್ಟಿ ಮಾತ್ರ ಮರಕ್ಕೆ ತಾಗಿದರೆ ಪಟ್ಟಿ ಬೆಣೆಯ ಹಾಗೆ ಕೆಲಸ ಮಾಡಿ ಕೋವಿಯ ಕತ್ತನ್ನೇ ಸೀಳುತ್ತದೆ. ಆದ್ದರಿಂದ ಬಾಲಪಟ್ಟಿಯ ತುದಿಯ ಹಿಂದೆ ಒಂದು ಕಾಗದ ಹೋಗುವಷ್ಟು ಸಂದು ಬೇಕೆಂದೇ ಬಿಡುತ್ತೇವೆ. ನೋಡಿದವರು ಇದನ್ನು ಕೆಲಸದ ದೋಷ ಎಂದುಕೊಳ್ಳಬಹುದು, ಬೇಸರಪಡಬೇಕಿಲ್ಲ.

ಮಧ್ಯಾಹ್ನದ ಮೇಲೆ ಲಾಕ್. ಸ್ಪ್ರಿಂಗ್ ವೈಸಿನಲ್ಲಿ ದೊಡ್ಡ ಸ್ಪ್ರಿಂಗನ್ನು ಹಿಡಿದು ಬಿಚ್ಚಬೇಕು. ಇಕ್ಕಳದಲ್ಲಿ ಬಿಚ್ಚಲು ಹೋದರೆ ಸ್ಪ್ರಿಂಗ್ ಮುರಿಯುತ್ತದೆ, ಇಲ್ಲವೇ ಹಾರಿ ಮುಖಕ್ಕೆ ಬಡಿಯುತ್ತದೆ. ಚಕಮಕಿ ಕಲ್ಲು ಹಿಡಿಯುವ ಕುದುರೆ, ಕಲ್ಲು ಉಜ್ಜುವ ಉಕ್ಕಿನ ಫ್ರಿಜನ್, ಒಳಗೆ ಕುದುರೆಯ ಜೊತೆ ತಿರುಗುವ ಟಂಬ್ಲರ್, ಅದನ್ನು ತಡೆದು ಹಿಡಿಯುವ ಸಿಯರ್ ಎಲ್ಲ ತೆಗೆದು ಬರಿ ತಗಡು ಉಳಿಸಿಕೊಳ್ಳಿ. ತಗಡಿನ ಅಂಚನ್ನು ಒಳಮುಖಕ್ಕೆ ಒಂದೆರಡು ಡಿಗ್ರಿ ಓರೆಯಾಗಿ ಅರದಲ್ಲಿ ಉಜ್ಜಿದರೆ, ಅದು ಬಾಟಲಿಯ ಬಿರಡೆಯಂತೆ ಇಳಿಯುತ್ತಾ ಕೊನೆಗೆ ಬಿಗಿಯುತ್ತದೆ. ಅಂಚು ನೇರ ಇದ್ದರೆ ಹತ್ತು ಸಲ ಒಳಗೆ ಹೊರಗೆ ಹೋಗುವಷ್ಟರಲ್ಲಿ ಮರದ ಬಾಯಿ ಅಗಲವಾಗಿರುತ್ತದೆ.

ಇಲ್ಲಿ ಒಂದು ಸುತ್ತನ್ನು ಹತ್ತಿರದಿಂದ ನೋಡಬೇಕು. ದೀಪದ ಮೇಲೆ ಹಿಡಿದ ತಗಡು ಮಖಮಲ್ಲಿನ ಹಾಗೆ ಕಪ್ಪಾಗುತ್ತದೆ. ಗುಳಿಗೆ ನೇರ ಇಟ್ಟು ಎರಡು ಮೆಲುಪೆಟ್ಟು. ತೆಗೆಯುವಾಗ ಅಲ್ಲಾಡಿಸಬಾರದು, ಬೋಲ್ಟಿನ ತೂತಿಗೆ ಒಂದು ಸ್ಕ್ರೂ ತಿರುಗಿಸಿ ಅದನ್ನು ಹಿಡಿದು ನೇರ ಮೇಲಕ್ಕೆ ಎಳೆಯಬೇಕು. ಬಿಳಿ ಮೇಪಲ್ಲಿನ ಮೇಲೆ ಈಗ ಕೂದಲೆಳೆಯಂಥ ಕರಿ ಗೆರೆ ಮೂಗಿನ ಕಡೆ ಕಾಣುತ್ತದೆ, ಬಾಲದ ಕಡೆ ಒಂದು ಚುಕ್ಕೆ. ಉಳಿಯ ಚಪ್ಪಟೆ ಬೆನ್ನನ್ನು ಗೋಡೆಗೆ ಒರಗಿಸಿ, ಹೆಬ್ಬೆರಳಿಂದ ಒತ್ತಿ, ಆ ಗೆರೆಯನ್ನಷ್ಟೇ ಎಬ್ಬಿಸಬೇಕು. ಎದ್ದ ಹೆರೆ ಎಷ್ಟು ತೆಳುವಿರಬೇಕೆಂದರೆ ಊದಿದರೆ ಹಾರಬೇಕು. ಸುರುಳಿ ದಪ್ಪ ಬಂದರೆ ನೀವು ಮಸಿಯನ್ನು ಕೇಳುವುದು ಬಿಟ್ಟು ಊಹೆಯಲ್ಲಿ ಕೆತ್ತುತ್ತಿದ್ದೀರಿ ಎಂದರ್ಥ. ಅಲೆ ಚಿತ್ತಾರದ ಮರದಲ್ಲಿ ನಾರು ಮೇಲೆ ಕೆಳಗೆ ತೊನೆಯುತ್ತದೆ. ಒಂದು ದಿಕ್ಕಿನಿಂದ ನಯವಾಗಿ ಬಂದ ಉಳಿ ಅರ್ಧ ಇಂಚು ಮುಂದೆ ಮರವನ್ನು ಕಿತ್ತುಬಿಡುತ್ತದೆ. ಹಾಗಾಗಿ ನಾರಿಗೆ ಅಡ್ಡ ಬರುವಂತೆ ಓರೆಯಾಗಿ ಕೊಯ್ಯುವುದೇ ಕ್ಷೇಮ.

ತಗಡು ಎಷ್ಟು ಇಳಿಯಬೇಕು? ಬಟ್ಟಲಿನ ಹಿಂದಿರುವ ದಪ್ಪ ಭಾಗ ನಳಿಗೆಯ ಪಕ್ಕದ ಮುಖಕ್ಕೆ ಬೆಳಕು ತೂರದಂತೆ ಒತ್ತುವವರೆಗೆ. ಅಲ್ಲಿ ಸಂದು ಉಳಿದರೆ ರಂಜಕದ ಮದ್ದು ಸೋರಿ ಲಾಕಿನ ಒಳಗೆ ಬೀಳುತ್ತದೆ. ತಗಡು ಕೂತ ಮೇಲೆ ಭಾಗಗಳನ್ನು ಒಂದೊಂದಾಗಿ ಸೇರಿಸುತ್ತಾ, ಒಂದೊಂದಕ್ಕೂ ಮಸಿ ಹಚ್ಚುತ್ತಾ ಹೋಗಬೇಕು: ಟಂಬ್ಲರ್ ಮತ್ತು ಅದನ್ನು ಮೇಲಿಂದ ಹಿಡಿಯುವ ಸೇತುವೆ, ಸಿಯರ್, ಸಿಯರ್ ಸ್ಪ್ರಿಂಗ್, ಕೊನೆಗೆ ದೊಡ್ಡ ಸ್ಪ್ರಿಂಗ್. ಎಲ್ಲವನ್ನೂ ಒಟ್ಟಿಗೆ ಹಾಕಿ ಒತ್ತಿದರೆ ಯಾವುದು ತಾಗಿತು ಎಂದು ತಿಳಿಯುವುದೇ ಇಲ್ಲ. ಕುದುರೆ ಇಳಿದಾಗ, ಅರ್ಧ ಎತ್ತಿದಾಗ, ಪೂರ್ತಿ ಎತ್ತಿದಾಗ, ಮೂರೂ ಸ್ಥಿತಿಯಲ್ಲಿ ಪರೀಕ್ಷೆ ಆಗಬೇಕು, ಏಕೆಂದರೆ ಒಳಗೆ ಎಲ್ಲವೂ ಜಾಗ ಬದಲಿಸುತ್ತವೆ. ಹೊರ ಅಂಚು ಕೂದಲಿಗೆ ಕೂದಲು ಬಿಗಿ ಇರಲಿ, ಒಳಗಿನ ಚಲಿಸುವ ಭಾಗಗಳಿಗೆ ಉದಾರವಾಗಿ ಜಾಗ ಬಿಡಿ.

ಲಾಕ್ ಬೋಲ್ಟುಗಳ ತೂತು ಆ ದಿನದ ಕೊನೆಯ ಕೆಲಸ. ದಣಿದಿದ್ದರೆ ನಾಳೆಗೆ ಬಿಡಿ. ಹಿಂದಿನ ಬೋಲ್ಟ್ ನಳಿಗೆಯ ಹಿಂಬದಿಯ ಹತ್ತಿರ ಹಾದುಹೋಗುತ್ತದೆ. ಮುಂದಿನದು ನಳಿಗೆಯ ತಳಕ್ಕೂ ಗಜದ ತೂತಿಗೂ ನಡುವಿನ ಸುಮಾರು 1/8 ಇಂಚು ಮರದ ಬಳಿ ನುಸುಳಬೇಕು. ಎರಡು ಕಡೆಯಿಂದಲೂ 1/8 ಇಂಚಿನ ಬೈರಿಗೆಯಲ್ಲಿ ಕೊರೆದು ನಡುವೆ ಸಂಧಿಸಿ, ಆಮೇಲೆ 11/64ಕ್ಕೆ ಹಿಗ್ಗಿಸುವುದು ರೂಢಿ. ತಗಡಿನಲ್ಲಿ 8-32 ಅಳತೆಯ ಬೋಲ್ಟಿಗೆ ತಿರುಪಿನ ಮರೆ ಹಾಕಲು 29ನೇ ನಂಬರಿನ ಬೈರಿಗೆ. ಉದ್ದದ ಗಜದ ತೂತು ಕೊರೆಯುವಾಗ ಸ್ವಲ್ಪ ಮೇಲಕ್ಕೋ ಪಕ್ಕಕ್ಕೋ ಓಡಿರುವುದು ಸಾಮಾನ್ಯ. ಒಂದು ತಂತಿ ಇಳಿಸಿ ಅದು ನಿಜವಾಗಿ ಎಲ್ಲಿದೆ ಎಂದು ಅಳೆದೇ ಕೈ ಹಾಕಿ. ಮುಂದಿನ ಬೋಲ್ಟು ಗಜಕ್ಕೆ ತುಸು ತಾಗಿದರೆ ಗಾಬರಿ ಬೇಡ, ಬೋಲ್ಟಿನ ಆ ಪಕ್ಕವನ್ನು ದುಂಡರದಲ್ಲಿ ಸ್ವಲ್ಪ ತೋಡಿದರೆ ಗಜ ಸರಾಗ ಇಳಿಯುತ್ತದೆ.

ಎಲ್ಲ ಬಿಗಿದ ಮೇಲೆ ಹೊಸಬರಿಗೆ ತಲೆ ಕೆಡಿಸುವ ತೊಂದರೆ ಒಂದಿದೆ. ಕೈಯಲ್ಲಿ ಹಿಡಿದಾಗ ಟಕ್ ಟಕ್ ಎಂದು ಚೆಂದ ಕೆಲಸ ಮಾಡುವ ಲಾಕ್, ಮರದಲ್ಲಿ ಕೂತ ಮೇಲೆ ಕುದುರೆಯನ್ನು ಅರ್ಧಕ್ಕೆ ನಿಲ್ಲಿಸುವುದಿಲ್ಲ. ಲಾಕ್ ಕೆಟ್ಟಿದೆ ಎಂದು ಸಿಯರಿನ ಮೂತಿಗೆ ಅರ ಹಾಕುತ್ತಾರೆ. ದಯವಿಟ್ಟು ಹಾಕಬೇಡಿ, ಆ ಮೂತಿ ಹಾಳಾದರೆ ಕೋವಿ ಅಪಾಯಕಾರಿಯಾಗುತ್ತದೆ. ಸ್ಕ್ರೂಗಳನ್ನು ಒಂದೊಂದಾಗಿ ಸಡಿಲಿಸಿ ನೋಡಿ. ಲಾಕ್ ಬೋಲ್ಟು ಅರ್ಧ ಸುತ್ತು ಸಡಿಲಿಸಿದಾಗ ಸರಿಹೋದರೆ ಸಿಯರೋ ಅದರ ಸ್ಪ್ರಿಂಗೋ ಮರಕ್ಕೆ ತಾಗುತ್ತಿದೆ, ಮಸಿ ಹಚ್ಚಿ ಹುಡುಕಬೇಕು. ಬಾಲಪಟ್ಟಿಯ ಬೋಲ್ಟು ಸಡಿಲಿಸಿದಾಗ ಸರಿಹೋದರೆ ಕಾರಣ ಬೇರೆ. ಆ ಬೋಲ್ಟು ಕೆಳಗಿನ ಟ್ರಿಗರ್ ತಗಡನ್ನು ಮೇಲಕ್ಕೆ ಎಳೆದು, ಟ್ರಿಗರ್ ಸಿಯರಿನ ತೋಳನ್ನು ಸದಾ ಒತ್ತಿ ಹಿಡಿದಿದೆ. ಆಗ ಟ್ರಿಗರಿನ ತಲೆಯನ್ನು ಕೂದಲಷ್ಟು ಉಜ್ಜಬೇಕು. ಕುದುರೆ ಅರ್ಧ ಎತ್ತಿದಾಗಲೂ ಪೂರ್ತಿ ಎತ್ತಿದಾಗಲೂ ಟ್ರಿಗರ್ ಬೆರಳಿಗೆ ಸ್ವಲ್ಪ ಗಲಗಲ ಆಡಬೇಕು. ಆ ಸಡಿಲ ಇಲ್ಲದ ಕೋವಿಯನ್ನು ನಾವು ಯಾರ ಕೈಗೂ ಕೊಡುವುದಿಲ್ಲ.

ಮುಂದಿನ ವಾರಗಳ ಕೆಲಸ ಬೇಗ ಹೇಳಬಹುದು. ಹಿತ್ತಾಳೆಯ ಹಿಮ್ಮಡಿ ತಗಡಿಗೂ ಅದೇ ಮಸಿ, ಅದೇ ಉಳಿ. ನಳಿಗೆಯನ್ನು ಮರಕ್ಕೆ ಹಿಡಿಯುವುದು 1/16 ಇಂಚಿನ ಉಕ್ಕಿನ ಪಿನ್ನುಗಳು, ಅವು ನಳಿಗೆಯ ಕೆಳಗಿನ ಕಿವಿಗಳ ಮೂಲಕ ಹಾಯುತ್ತವೆ. ಕಿವಿಯ ತೂತನ್ನು ಮುಂದಕ್ಕೂ ಹಿಂದಕ್ಕೂ ಹಿಗ್ಗಿಸಿ ಉದ್ದ ಮಾಡಿ. ಮಳೆಗಾಲದ ತೇವಕ್ಕೂ ಚಳಿಗಾಲದ ಒಣಹವೆಗೂ ಮರ ಹಿಗ್ಗುತ್ತದೆ, ಕುಗ್ಗುತ್ತದೆ, ಕಬ್ಬಿಣ ಅದರ ಜೊತೆ ಹೋಗುವುದಿಲ್ಲ. ತೂತು ದುಂಡಗೇ ಇದ್ದರೆ ತೆಳು ಮುಂಗೈ ಮರ ಬಿರಿಯುತ್ತದೆ, ಇಲ್ಲವೇ ನಳಿಗೆಯನ್ನೇ ಬಾಗಿಸುತ್ತದೆ. ನಳಿಗೆಯ ಯಂತ್ರಗೀರುಗಳನ್ನು ಅಡ್ಡಲಾಗಿ ಹಿಡಿದ ಅರವನ್ನು ಉದ್ದಕ್ಕೆ ಎಳೆದು ತೆಗೆಯಬೇಕು. ಅರಕ್ಕೆ ಸೀಮೆಸುಣ್ಣ ಉಜ್ಜಿಕೊಂಡರೆ ಹಲ್ಲಿನಲ್ಲಿ ಲೋಹದ ಪುಡಿ ಕಚ್ಚಿಕೊಂಡು ಹೊಸ ಗೀರು ಎಳೆಯುವುದಿಲ್ಲ.

ಬಣ್ಣದ ದಿನ ಮಾತ್ರ ಮತ್ತೆ ನಿಂತು ನೋಡುವಂಥದ್ದು. ಮರವನ್ನು ಉಪ್ಪುಕಾಗದಕ್ಕಿಂತ ಉಕ್ಕಿನ ಹೆರೆಪಟ್ಟಿಯಲ್ಲಿ ಕೆರೆದು ನಯ ಮಾಡಿದರೆ ಅಲೆಗಳು ಸ್ಪಷ್ಟವಾಗಿ ನಿಲ್ಲುತ್ತವೆ. ಒದ್ದೆ ಬಟ್ಟೆ ಆಡಿಸಿ, ಎದ್ದ ನಾರಿನ ರೋಮವನ್ನು ಎರಡು ಮೂರು ಸಲ ಕೆರೆದು ತೆಗೆಯಬೇಕು. ಆಮೇಲೆ ಕಬ್ಬಿಣ ಕರಗಿಸಿದ ನೈಟ್ರಿಕ್ ಆಮ್ಲದ ದ್ರಾವಣ, ಹಳೆಯವರ ಅಕ್ವಾ ಫೋರ್ಟಿಸ್, ಬಯಲಿನಲ್ಲಿ ಕೈಗವಸು ಹಾಕಿಕೊಂಡು ಸವರುವುದು. ಮರ ಮೊದಲು ರೋಗ ಬಂದಂತೆ ಹಸಿರು ಹಳದಿಗೆ ತಿರುಗುತ್ತದೆ. ಒಣಗಿದ ಮೇಲೆ ಬಿಸಿಗಾಳಿಯ ಗನ್ನನ್ನು ಹತ್ತಿರ ತಂದು ನಿಧಾನ ಸರಿಸಿ. ಬಿಸಿ ಹೋದ ದಾರಿಯಲ್ಲೇ ಹಸಿರು ಕರಗಿ ಕಂದುಕೆಂಪು ಹರಿದುಬರುತ್ತದೆ, ಅದುವರೆಗೆ ಮಸುಕಾಗಿದ್ದ ಅಲೆಗಳು ಹುಲಿಪಟ್ಟೆಯ ಹಾಗೆ ಏಳುತ್ತವೆ. ಒಂದೇ ಕಡೆ ನಿಲ್ಲಿಸಿದರೆ ತೆಳು ಅಂಚು ಸುಟ್ಟುಹೋಗುತ್ತದೆ. ಅಡುಗೆ ಸೋಡಾದ ನೀರಿನಲ್ಲಿ ಒರೆಸಿ ಆಮ್ಲವನ್ನು ಸಾಯಿಸಿ, ಒಣಗಿಸಿ, ಕಾಯಿಸಿದ ಅಗಸೆ ಎಣ್ಣೆಯನ್ನು ತೆಳುವಾಗಿ ದಿನಕ್ಕೊಂದು ಕೈ ಹಚ್ಚಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದುಡಿ ಮೂಲೆಗೆ ಎಸೆಯಬಾರದು, ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳುತ್ತದೆ. ಹರಡಿ ಒಣಗಿಸಿ, ಇಲ್ಲವೇ ನೀರು ತುಂಬಿದ ಡಬ್ಬಿಗೆ ಹಾಕಿ.

ಮದ್ದಿನ ವಿಷಯದಲ್ಲಿ ಎರಡೇ ಮಾತು. ಕರಿಮದ್ದು ಅಥವಾ ಅದಕ್ಕೆಂದೇ ಮಾಡಿದ ಬದಲಿ ಮದ್ದಲ್ಲದೆ ಬೇರೇನೂ ಈ ನಳಿಗೆಗೆ ಹೋಗಬಾರದು, ಹೊಗೆಯಿಲ್ಲದ ಮದ್ದು ಚಿಟಿಕೆಯಷ್ಟೂ ಸಲ್ಲ. ಮೊದಲ ಈಡುಗಳನ್ನು ಕೋವಿಯನ್ನು ಕಟ್ಟಿಹಾಕಿ, ಮರೆಯಲ್ಲಿ ನಿಂತು, ಉದ್ದ ಹುರಿ ಎಳೆದು ಹಾರಿಸಬೇಕು.

ಕಾನೂನನ್ನೂ ಹೇಳಲೇಬೇಕು. ಅಮೆರಿಕದ 1968ರ ಕೇಂದ್ರ ಕಾಯ್ದೆ ಇಂಥ ಬಾಯಿತುಂಬುವ ಕೋವಿಯನ್ನು ಪುರಾತನ ಆಯುಧದ ಸಾಲಿಗೆ ಸೇರಿಸುತ್ತದೆ, ಆದರೂ ರಾಜ್ಯಗಳ ನಿಯಮ ಬೇರೆಬೇರೆ. ಭಾರತದಲ್ಲಿ 1959ರ ಆಯುಧ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಕೋವಿ ತಯಾರಿಸುವುದು ಅಪರಾಧ. ಕೊಡವರಿಗೂ ಕೊಡಗಿನ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಇರುವ ವಿನಾಯಿತಿ, 2019ರಲ್ಲಿ 2029ರವರೆಗೆ ಮುಂದುವರಿದದ್ದು, ಕೋವಿ ಇಟ್ಟುಕೊಳ್ಳುವುದಕ್ಕೆ, ಮಾಡುವುದಕ್ಕಲ್ಲ. ಕೊಡಗಿನ ಕೈಲ್ ಪೊಳ್ದ್ ಹಬ್ಬಕ್ಕೆ ತೋಕ್ ಪೂ (ಕೋವಿ ಹೂವು) ಏರಿಸಿ ಪೂಜಿಸುವ ಮನೆಗಳಲ್ಲಿ ಹಳೆಯ ಕೋವಿ ಇದ್ದರೆ ಮರಕ್ಕೆ ಅಗಸೆ ಎಣ್ಣೆ ಹಚ್ಚುವ ಕೆಲಸಕ್ಕೆ ಇಲ್ಲಿ ಹೇಳಿದ್ದು ಹೊಂದುತ್ತದೆ. ಲಾಕ್ ಬಿಚ್ಚುವುದಿದ್ದರೆ ಪರವಾನಗಿ ಇರುವ ಕುಶಲಕರ್ಮಿಯ ಬಳಿಗೇ ಒಯ್ಯಬೇಕು.

ಕೊನೆಯ ಎಣ್ಣೆಯ ಕೈ ಹೊರಗಡೆಗೆ ಮಾತ್ರ ಅಲ್ಲ. ಲಾಕಿನ ಗುಳಿ, ನಳಿಗೆಯ ಗಾಡಿ, ಹಿಮ್ಮಡಿ ತಗಡಿನ ಅಡಿ, ಎಲ್ಲ ಕಡೆ ತೆಳುವಾಗಿ ಹಚ್ಚಿದರೆ ತೇವ ಒಳಗಿಂದ ಮರವನ್ನು ಹಿಡಿಯುವುದಿಲ್ಲ. ಅಲ್ಲಿ ಉಳಿದ ಮಸಿಯನ್ನು ಉಜ್ಜಿ ತೆಗೆಯಲು ಹೋಗಬೇಡಿ, ಉಜ್ಜಿದಷ್ಟೂ ಬಿಗಿ ಸಡಿಲವಾಗುತ್ತದೆ. ಎಣ್ಣೆಯ ಕೆಳಗೆ ಅದು ಹಾಗೇ ಇರಲಿ.