ಇವತ್ತು ಎಸ್ಕಾರ್ಟ್ ಕೋಶಗಳ ಸರದಿ

13 ಆಗಸ್ಟ್ 2024, ಮಂಗಳವಾರ

ಮಧ್ಯಾಹ್ನವೆಲ್ಲ ಕಾನ್‌ಫೋಕಲ್ ಮೈಕ್ರೋಸ್ಕೋಪಿನ ಕೋಣೆಯಲ್ಲೇ ಕಳೆಯಿತು. ನೋಡುತ್ತಿದ್ದದ್ದು ಹಣ್ಣಿನ ನೊಣದ ಅಂಡಾಶಯ. ಮೊದಲೇ ಈಸ್ಟ್ ಪೇಸ್ಟ್ ತಿನ್ನಿಸಿದ್ದ ಹೆಣ್ಣು ನೊಣಗಳು, ಹಾಗಾಗಿ ಅಂಡಾಶಯ ಬಾಳೆಹಣ್ಣಿನ ಚಿಪ್ಪಿನ ಹಾಗೆ ತುಂಬಿಕೊಂಡಿತ್ತು. ಒಂದೊಂದರಲ್ಲೂ 16ರಿಂದ 20 ಎಳೆಗಳಿರುತ್ತವೆ. ಪ್ರತಿ ಎಳೆಯ ತುದಿಯಲ್ಲಿರುವ ಪುಟ್ಟ ಭಾಗವೇ ಜರ್ಮೇರಿಯಮ್. ಮೊಟ್ಟೆ ಹುಟ್ಟುವ ಕೆಲಸ ಶುರುವಾಗುವುದು ಅಲ್ಲಿಂದಲೇ.

ಜರ್ಮೇರಿಯಮ್ಮಿನಲ್ಲಿ ಕಾಂಡಕೋಶಗಳು (ಸ್ಟೆಮ್ ಸೆಲ್, ಅಂದರೆ ತಾನೂ ಉಳಿದು ಹೊಸ ಕೋಶಗಳನ್ನೂ ಕೊಡುತ್ತಿರುವ ಕೋಶ) ಎರಡೋ ಮೂರೋ ಇರುತ್ತವೆ, ಅಷ್ಟೆ. ನೊಣ ಇಡುವ ಮೊಟ್ಟೆಗಳೆಲ್ಲ ಇವುಗಳಿಂದಲೇ ಬರಬೇಕು. ಆದರೆ ಕಾಂಡಕೋಶವಾಗಿ ಉಳಿಯುವ ಶಕ್ತಿ ಇವುಗಳಿಗೆ ಒಳಗಿನಿಂದಷ್ಟೇ ಬರುವುದಿಲ್ಲ. ಪಕ್ಕದಲ್ಲೇ ಕ್ಯಾಪ್ ಕೋಶಗಳಿವೆ. ಕ್ಯಾಡ್‌ಹೆರಿನ್ ಅನ್ನುವ ಪ್ರೋಟೀನಿನಿಂದ ಕಾಂಡಕೋಶ ಇವಕ್ಕೆ ಅಂಟಿಕೊಂಡಿರುತ್ತದೆ. ಕ್ಯಾಪ್ ಕೋಶಗಳು ಡಿಪಿಪಿ ಅನ್ನುವ ಸಂಕೇತ ಕಳಿಸುತ್ತವೆ. ಅದು ತಲುಪಿದಾಗ ಕಾಂಡಕೋಶದಲ್ಲಿ ಬ್ಯಾಮ್ ಅನ್ನುವ ಜೀನ್ ಸುಮ್ಮನಿರುತ್ತದೆ. ಬ್ಯಾಮ್ ಎದ್ದರೆ ಕಾಂಡಕೋಶವಾಗಿ ಅದರ ಬದುಕು ಅಲ್ಲಿಗೆ ಮುಗಿಯಿತು. ಡಿಪಿಪಿ ಇಲ್ಲದೆ ಕಾಂಡಕೋಶ ಉಳಿಯುವುದಿಲ್ಲ ಅಂತ ಟಿಂಗ್ ಶೀ ಮತ್ತು ಆಲನ್ ಸ್ಪ್ರಾಡ್ಲಿಂಗ್ 1998ರಲ್ಲಿ ತೋರಿಸಿದರು. ಕಾಂಡಕೋಶವನ್ನು ಉಳಿಸುವುದು ಅದರ ನೆರೆಯೇ ಇರಬೇಕು ಅಂತ ರೇಮಂಡ್ ಸ್ಕೋಫೀಲ್ಡ್ 1978ರಲ್ಲೇ ರಕ್ತದ ಕಾಂಡಕೋಶಗಳ ಬಗ್ಗೆ ಬರೆದಿದ್ದರು. ಅದನ್ನು ಕಣ್ಣಾರೆ ಕಾಣುವಂತೆ ಮಾಡಿದ್ದರಲ್ಲಿ ಈ ಪುಟ್ಟ ನೊಣದ ಪಾಲು ದೊಡ್ಡದು.

ಕಾಂಡಕೋಶ ಎರಡಾಗಿ ಒಡೆದಾಗ ಒಂದು ಮಗಳು ಕ್ಯಾಪ್ ಕೋಶದ ಪಕ್ಕದಲ್ಲೇ ಉಳಿಯುತ್ತಾಳೆ. ಇನ್ನೊಬ್ಬಳು ಒಂದೇ ಒಂದು ಕೋಶದಷ್ಟು ದೂರ ಸರಿಯುತ್ತಾಳೆ. ಅಷ್ಟಕ್ಕೇ ಅವಳಲ್ಲಿ ಬ್ಯಾಮ್ ಏಳುತ್ತದೆ. ಆಮೇಲೆ ನಾಲ್ಕು ಸಲ ಒಡೆದು 16 ಕೋಶಗಳ ಗುಂಪಾಗುತ್ತಾಳೆ. ಅದರಲ್ಲಿ ಒಂದು ಮೊಟ್ಟೆಯಾಗುತ್ತದೆ, ಉಳಿದ 15 ಅದನ್ನು ಪೋಷಿಸುತ್ತವೆ.

ಇಷ್ಟನ್ನು ಎಲ್ಲ ಕಡೆ ಹೇಳುತ್ತಾರೆ. ನನಗೆ ಬೇಜಾರಾಗುವುದು ಕತೆ ಇಲ್ಲಿಗೇ ನಿಂತುಬಿಡುತ್ತದಲ್ಲ, ಅದಕ್ಕೆ. ಒಂದು ಕೋಶದ ದೂರದಲ್ಲಿ ಡಿಪಿಪಿ ನಿಂತುಹೋಗುವುದು ತಾನಾಗಿಯೇ ಆಗುತ್ತದೆಯೇ? ಇಲ್ಲ. ಅದನ್ನು ಯಾರೋ ತಡೆಯಬೇಕು. ತಡೆಯುವವರಲ್ಲಿ ಎಸ್ಕಾರ್ಟ್ ಕೋಶಗಳು ಮುಖ್ಯ. ಚಿತ್ರಗಳಲ್ಲಿ ಇವನ್ನು ಅಂಚಿನಲ್ಲಿ ತೆಳ್ಳಗೆ ಬರೆದು ಬಿಟ್ಟಿರುತ್ತಾರೆ. ನಿಜವಾದ ಜರ್ಮೇರಿಯಮ್ಮಿನಲ್ಲಿ ಅವುಗಳ ಉದ್ದನೆಯ ತೆಳು ಚಾಚುಗಳು ಒಳಗೆಲ್ಲ ಹರಡಿ, ಬೆಳೆಯುತ್ತಿರುವ ಕೋಶಗಳನ್ನು ಸುತ್ತಿಕೊಂಡಿರುತ್ತವೆ. ಇವು ಕೋಶಗಳ ಗುಂಪಿನ ಜೊತೆಗೇ ಮುಂದೆ ಸಾಗುತ್ತವೆ ಅಂತ ಮೊದಲು ಅಂದುಕೊಂಡಿದ್ದರು. ಜೀವಂತ ಅಂಡಾಶಯವನ್ನೇ ಗಂಟೆಗಟ್ಟಲೆ ಚಿತ್ರೀಕರಿಸಿ ನೋಡಿದಾಗ ಬೇರೆಯೇ ಕಂಡಿತು. ಎಸ್ಕಾರ್ಟ್ ಕೋಶಗಳು ತಮ್ಮ ಜಾಗದಲ್ಲೇ ಇದ್ದು, ಗುಂಪನ್ನು ಒಬ್ಬರಿಂದ ಒಬ್ಬರಿಗೆ ದಾಟಿಸುತ್ತವೆ.

ಇನ್ನು ನನಗೆ ಅತಿ ಇಷ್ಟವಾದ ಭಾಗ. ಡ್ಯಾಲಿ ಅನ್ನುವ ಪ್ರೋಟೀನ್ ಡಿಪಿಪಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಕ್ಯಾಪ್ ಕೋಶಗಳಲ್ಲಿ ಅದು ಬೇಕು. ಎಸ್ಕಾರ್ಟ್ ಕೋಶಗಳಲ್ಲೂ ಬಂದುಬಿಟ್ಟರೆ ಡಿಪಿಪಿ ಅಲ್ಲೂ ಉಳಿದು ದೂರದವರೆಗೂ ಹರಡುತ್ತದೆ. ಆಗ ಮುಂದೆ ಸರಿದ ಮಗಳಿಗೂ ಕಾಂಡಕೋಶವಾಗಿಯೇ ಇರು ಅನ್ನುವ ಸಂಕೇತ ಸಿಗುತ್ತಾ ಇರುತ್ತದೆ. ಎಸ್ಕಾರ್ಟ್ ಕೋಶಗಳಲ್ಲಿ ಡ್ಯಾಲಿಯನ್ನು ಅದುಮಿಡುವುದು ಇಜಿಎಫ್‌ಆರ್ ಅನ್ನುವ ಗ್ರಾಹಕ, ಅಂದರೆ ಹೊರಗಿನ ಸಂಕೇತವನ್ನು ಹಿಡಿಯುವ ಪ್ರೋಟೀನ್. ಅದನ್ನು ಎಬ್ಬಿಸುವ ಸಂಕೇತ ಬರುವುದು ಎಲ್ಲಿಂದ ಗೊತ್ತಾ? ಮೊಟ್ಟೆಯ ದಾರಿಯಲ್ಲಿರುವ ಕೋಶಗಳಿಂದಲೇ! ಅಂದರೆ ಅವು ನೆರೆಯವರು ಹೇಳಿದ್ದನ್ನು ಕೇಳುವುದಷ್ಟೇ ಅಲ್ಲ, ನೆರೆಯವರಿಗೂ ಹೇಳುತ್ತವೆ. ಆ ಮಾತು ಕೇಳಿದ ಎಸ್ಕಾರ್ಟ್ ಕೋಶ ಡ್ಯಾಲಿಯನ್ನು ಮುಚ್ಚಿಟ್ಟು, ಅವುಗಳಿಗೆ ಮುಂದೆ ಹೋಗಲು ದಾರಿ ಬಿಡುತ್ತದೆ.

ಇವತ್ತು ನೋಡಿದ್ದು ಇದನ್ನೇ. ಸಿ587 ಅನ್ನುವ ಡ್ರೈವರ್ (ಆಯ್ದ ಕೋಶಗಳಲ್ಲಿ ಒಂದು ಜೀನನ್ನು ಏರಿಸಲು, ಇಳಿಸಲು ಬಳಸುವ ಸಾಧನ) ಬಳಸಿ ಎಸ್ಕಾರ್ಟ್ ಕೋಶಗಳಲ್ಲಿ ಇಜಿಎಫ್‌ಆರ್ ಕಡಿಮೆ ಮಾಡಿದ ನೊಣಗಳು. ಕಾಂಡಕೋಶಗಳನ್ನೂ ಅವುಗಳ ಮಕ್ಕಳನ್ನೂ ತೋರಿಸುವ ವಾಸಾ ಪ್ರೋಟೀನ್ ಹಸಿರು, ಅವುಗಳ ಒಳಗಿನ ಚುಕ್ಕೆ, ಕೊಂಬೆಗಳನ್ನು ತೋರಿಸುವ ಎಚ್‌ಟಿಎಸ್ ಪ್ರೋಟೀನ್ ಕೆಂಪು. ಸಾಮಾನ್ಯ ಜರ್ಮೇರಿಯಮ್ಮಿನಲ್ಲಿ ತುದಿಯ ಕೆಲವೇ ಕೋಶಗಳಲ್ಲಿ, ಅಂದರೆ ಕಾಂಡಕೋಶಗಳಲ್ಲಿ ಮತ್ತು ಆಗಷ್ಟೇ ಸರಿದ ಮಗಳಲ್ಲಿ, ಒಂದೊಂದು ದುಂಡನೆಯ ಕೆಂಪು ಚುಕ್ಕೆ ಇರುತ್ತದೆ. ಗುಂಪುಗಳಾದ ಮೇಲೆ ಅದು ಕವಲೊಡೆದ ಕೊಂಬೆಯಾಗುತ್ತದೆ. ಇವತ್ತಿನ ಸ್ಲೈಡುಗಳಲ್ಲಿ ಕೊಂಬೆ ಸಿಗುವುದೇ ಅಪರೂಪ. ಎಲ್ಲಿ ನೋಡಿದರೂ ಚುಕ್ಕೆಗಳೇ, ತುದಿಯಿಂದ ಎಷ್ಟೋ ದೂರದವರೆಗೆ. ಕಾಂಡಕೋಶಗಳಿಗೆ ನಾವು ಏನೂ ಮಾಡಿಲ್ಲ, ಬದಲಾಗಿದ್ದು ಪಕ್ಕದವರು ಮಾತ್ರ. ಪುಸ್ತಕದಲ್ಲಿ ಓದಿದ್ದರೂ ಕಣ್ಣೆದುರು ಕಂಡಾಗ ಮೈ ಜುಮ್ಮೆಂದಿತು.

ಕಾಂಡಕೋಶ ಅಂದ ಕೂಡಲೇ ಜನ ಅದನ್ನು ಹೇಗೆ ಉಳಿಸುವುದು, ಹೇಗೆ ಜಾಸ್ತಿ ಮಾಡುವುದು ಅಂತ ಕೇಳುತ್ತಾರೆ. ಈ ಅಂಡಾಶಯದಲ್ಲಿ ಚುಕ್ಕೆಯ ಕೋಶಗಳು ಬೇಕಾದಷ್ಟಿವೆ, ಮೊಟ್ಟೆಯ ಕಡೆ ಹೋಗುವವು ಮಾತ್ರ ಇಲ್ಲ.

ಈ ದೂರದ ಚುಕ್ಕೆಯ ಕೋಶಗಳಿಗೆ ನಿಜವಾಗಿಯೂ ಡಿಪಿಪಿ ತಲುಪುತ್ತಿದೆಯಾ ಅಂತ ಇನ್ನೂ ನೋಡಬೇಕು. ಅದಕ್ಕೆ, ಡಿಪಿಪಿ ತಲುಪಿದ ಕೋಶದಲ್ಲಿ ಮೂಡುವ ಪಿಮ್ಯಾಡ್ ಅನ್ನುವ ಗುರುತಿಗೆ ಬಣ್ಣ ಹಾಕಬೇಕು. ಇಜಿಎಫ್‌ಆರ್ ಜೊತೆಗೆ ಡ್ಯಾಲಿಯನ್ನೂ ಕಡಿಮೆ ಮಾಡಿದ ನೊಣಗಳು ಮುಂದಿನ ವಾರ ಪ್ಯೂಪಾದಿಂದ ಹೊರಬರುತ್ತವೆ. ಅವುಗಳಲ್ಲಿ ಕೊಂಬೆಗಳು ಮರಳಿ ಕಂಡರೆ, ಈ ಗದ್ದಲಕ್ಕೆಲ್ಲ ಡ್ಯಾಲಿಯೇ ಕಾರಣ ಅಂತ ಧೈರ್ಯವಾಗಿ ಹೇಳಬಹುದು.