ನನ್ನ ಗಾಳದ ಕೋಲು ಮನೇಲೇ ಬಿಟ್ಟು ಹೋದ ದಿನ

ಹೋದ ಭಾನುವಾರ ಮಕ್ಕಳನ್ನ ಕರ್ಕೊಂಡು ಕೆರೆಗೆ ಮೀನು ಹಿಡಿಯೋಕೆ ಹೋಗಿದ್ದೆ. ಮಗಳಿಗೆ 8 ವರ್ಷ, ಮಗನಿಗೆ 5. ಇದು ಎರಡನೇ ಸಲ. ಮೊದಲನೇ ಸಲ ಹೋಗಿದ್ದು ಹೋದ ವರ್ಷ, ಮಗಳೊಬ್ಬಳನ್ನೇ ಕರ್ಕೊಂಡು ಹೋಗಿದ್ದೆ, ಅವತ್ತು ನಾನು ದಾರ ಸುತ್ತೋ ರೀಲ್ ಇರೋ ನನ್ನ ಕೋಲೂ ತಗೊಂಡು ಹೋಗಿದ್ದೆ, ದೊಡ್ಡ ಗೆಂಡೆ ಮೀನು ಸಿಗ್ಬೋದು ಅನ್ನೋ ಆಸೆ, ಮೂರು ಗಂಟೆ ಅವಳನ್ನ ಪಕ್ಕದಲ್ಲಿ ಕೂರಿಸ್ಕೊಂಡು ಅಲ್ಲಾಡಬೇಡ, ಮಾತಾಡಬೇಡ, ಕಲ್ಲು ಎಸೀಬೇಡ ಅಂತ ಹೇಳ್ತಾನೇ ಇದ್ದೆ. ವಾಪಸ್ ಬರೋವಾಗ ಅವಳು "ಅಮ್ಮಾ, ಇನ್ಮೇಲೆ ನೀನೊಬ್ಬಳೇ ಹೋಗು" ಅಂದ್ಳು. ಸಿಟ್ಟಲ್ಲಿ ಅಂದಿದ್ರೆ ಮರ್ತುಬಿಡ್ತಿದ್ದೆ, ಸುಸ್ತಾಗಿ ಅಂದಿದ್ಳು. ಅದು ಒಂದು ವರ್ಷ ನನ್ನ ಮನಸ್ಸಲ್ಲೇ ಕೂತಿತ್ತು.

ಹಂಗಾಗಿ ಈ ಸಲ ನನ್ನ ಕೋಲು ಮನೇಲೇ ಇಟ್ಟೆ. ಅವರಿಬ್ಬರಿಗೆ ಮಾತ್ರ ಎರಡು ಹಗುರವಾದ ಬಿದಿರು ಕೋಲು, ರೀಲ್ ಇಲ್ಲ, ತುದಿಗೆ ದಾರ ಕಟ್ಟಿದ್ದು ಅಷ್ಟೇ. ದಾರ ಕೋಲಿಗಿಂತ ಉದ್ದ ಇರಬಾರ್ದು, ಕೋಲಿನಷ್ಟೇ ಇದ್ರೆ ಕೋಲು ಎತ್ತಿದ ತಕ್ಷಣ ಮೀನು ನೇರ ಮಗುವಿನ ಕೈಗೇ ಬರತ್ತೆ, ಸಿಕ್ಕೂ ಕಮ್ಮಿ. ಗಾಳ ಚಿಕ್ಕದು, 12ನೇ ನಂಬರ್ (ಗಾಳದಲ್ಲಿ ನಂಬರ್ ದೊಡ್ಡದಾದಷ್ಟೂ ಸೈಜ್ ಚಿಕ್ಕದು, ಹೊಸಬರು ಎಷ್ಟೋ ಜನ ಇದನ್ನ ಉಲ್ಟಾ ತಿಳ್ಕೊಂಡು ದೊಡ್ಡ ಗಾಳ ತರ್ತಾರೆ, ಸಣ್ಣ ಮೀನಿನ ಬಾಯಿಗೆ ಅದು ಹಿಡಿಯೋದೇ ಇಲ್ಲ). ಗಾಳದ ಒಳಗಿನ ಆ ಪುಟ್ಟ ಮುಳ್ಳನ್ನ ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿದೆ. ಮೀನಿನ ಬಾಯಿಂದ ಸಲೀಸಾಗಿ ಬಿಡಿಸ್ಬೋದು, ಅಕಸ್ಮಾತ್ ಮಗುವಿನ ಬೆರಳಿಗೋ ಅಂಗಿಗೋ ಚುಚ್ಚಿದ್ರೂ ಹರಿಯದೆ ಈಚೆ ಬರತ್ತೆ. ಭಾರಕ್ಕೆ ತವರದ ಗುಂಡು ಹಾಕಿದೆ, ಸೀಸದ್ದು ಕಳಚಿ ಬಿದ್ದು ನೀರುಹಕ್ಕಿ ನುಂಗಿದ್ರೆ ಅದಕ್ಕೆ ವಿಷ.

ಹಿಂದಿನ ದಿನ ಸಾಯಂಕಾಲ ಎರೆಹುಳು ಹುಡುಕೋ ಕೆಲಸ. ನಿಜ ಹೇಳ್ಬೇಕಂದ್ರೆ ಮಗನಿಗೆ ಮೀನು ಹಿಡಿಯೋದು ಶುರುವಾಗಿದ್ದೇ ಅಲ್ಲಿಂದ. ಕೊಳೆತ ಎಲೆ ಸರಿಸಿ, ತೇವದ ಮಣ್ಣು ಕೆದಕಿ, ಒಂದೊಂದು ಹುಳ ಸಿಕ್ಕಾಗ್ಲೂ ಕೂಗಾಟ. ಎರೆಹುಳು ಉಸಿರಾಡೋದು ಚರ್ಮದಿಂದ, ಚರ್ಮ ಒಣಗಿದ್ರೆ ಸತ್ತೋಗತ್ತೆ ಅಂತ ಹೇಳಿದ್ದೇ ತಡ, ಡಬ್ಬಿಗೆ ತೂತು ಮಾಡಿಸ್ಕೊಂಡು, ಒದ್ದೆ ಮಣ್ಣು ತುಂಬಿ, ಮೇಲೆ ಎಲೆ ಹೊದಿಸಿ, ಮಲಗೋ ಮುಂಚೆ ಮೂರು ಸಲ ಎದ್ದು ಹೋಗಿ ನೋಡ್ಕೊಂಡು ಬಂದ. ಒಟ್ಟು 17 ಹುಳ.

ಬೆಳಗ್ಗೆ ಬಿಸಿಲು ಏರೋ ಮುಂಚೆನೇ ಕೆರೆ ಹತ್ರ ಇದ್ವಿ. ಜಾಗ ಆರಿಸೋದ್ರಲ್ಲಿ ಮಾತ್ರ ನಾನು ಯಾರ ಮಾತೂ ಕೇಳ್ಲಿಲ್ಲ. ದಡ ತಗ್ಗಾಗಿರ್ಬೇಕು, ಜಾರಬಾರ್ದು, ತಲೆ ಮೇಲೆ ಕೊಂಬೆ ಇಲ್ಲ ಕರೆಂಟ್ ತಂತಿ ಇರಬಾರ್ದು, ಪಕ್ಕದಲ್ಲಿ ಜೊಂಡು ಇರ್ಬೇಕು, ಸಣ್ಣ ಮೀನು ಅದರ ಮರೇಲೇ ಓಡಾಡೋದು. ಇಬ್ಬರಿಗೂ ಲೈಫ್ ಜಾಕೆಟ್, ಟೋಪಿ, ಕನ್ನಡಕ. ನೀರಿನ ಹತ್ರ ಇರೋವಾಗ ನಾನು ಕೈ ಚಾಚಿದ್ರೆ ಸಿಗೋಷ್ಟು ದೂರದಲ್ಲೇ ಇರ್ಬೇಕು ಅನ್ನೋದು ಒಂದೇ ರೂಲ್. ಅದೂ ಪಾಲಿಸೋಕೆ ಆಗಿದ್ದು ನನ್ನ ಕೈಲಿ ಕೋಲಿಲ್ಲದೆ ಇದ್ದಿದ್ದಕ್ಕೇ.

ಮಾತಾಡಬೇಡ ಅಂತ ಈ ಸಲ ಹೇಳ್ಲಿಲ್ಲ, ಹೇಳೋ ಅಗತ್ಯನೂ ಇರ್ಲಿಲ್ಲ. ಗಾಳಿಲಿ ಆಡೋ ಮಾತು ಹೆಚ್ಚಿನ ಪಾಲು ನೀರಿನ ಮೇಲ್ಮೈಗೆ ಬಡಿದು ವಾಪಸ್ ಹೋಗತ್ತೆ. ದಡದಲ್ಲಿ ಕಾಲು ಬಡಿದ್ರೆ ಮಾತ್ರ ಆ ಅದುರು ನೆಲದಿಂದ ನೀರಿಗೆ ಇಳಿಯತ್ತೆ, ಮೀನಿನ ಮೈ ಉದ್ದಕ್ಕೂ ಪಕ್ಕದಲ್ಲಿ ಒಂದು ಗೆರೆ ಇರತ್ತಲ್ಲ, ಅದರಿಂದ ನೀರಿನ ಸಣ್ಣ ಅಲುಗಾಟನೂ ಅದಕ್ಕೆ ತಿಳಿಯತ್ತೆ. ಇದನ್ನ ಕೇಳಿ ಇಬ್ಬರೂ ಕೊಕ್ಕರೆ ಥರ ಒಂದೊಂದೇ ಕಾಲು ಎತ್ತಿ ಇಡ್ತಾ ನಡೆಯೋಕೆ ಶುರು ಮಾಡಿದ್ರು, ಬಾಯಿ ಮಾತ್ರ ಒಂದು ನಿಮಿಷ ನಿಲ್ಲಿಸ್ಲಿಲ್ಲ.

ಮಗಳು ಹುಳದ ಒಂದು ತುಂಡು ತಾನೇ ಸಿಕ್ಕಿಸಿದ್ಳು. ಮಗ "ನನ್ನ ಹುಳ ಚುಚ್ಚಲ್ಲ" ಅಂದ, ಸರಿ, ಅವನಿಗೆ ಹಿಟ್ಟಿನ ಉಂಡೆ. ಒತ್ತಾಯ ಮಾಡ್ಲಿಲ್ಲ. ಕಾಲು ಗಂಟೆ ಏನೂ ಇಲ್ಲ, ಮಗ ಕೋಲು ನನ್ನ ಕೈಗೆ ಕೊಟ್ಟು ಜೊಂಡಿನ ಮೇಲೆ ಅಂಟಿದ್ದ ಯಾವ್ದೋ ಖಾಲಿ ಚಿಪ್ಪಿನಂಥದ್ದು ಕಿತ್ಕೊಂಡು ಬಂದ. ಡ್ರ್ಯಾಗನ್‌ಫ್ಲೈ ಮರಿ ನೀರೊಳಗೇ ಬೆಳೆದು, ಜೊಂಡು ಹತ್ತಿ, ಬೆನ್ನು ಸೀಳ್ಕೊಂಡು ಹಾರಿಹೋದ ಮೇಲೆ ಉಳಿದ ಪೊರೆ ಅದು. ಹೋದ ವರ್ಷ ಆಗಿದ್ರೆ ಸುಮ್ನೆ ಕೂತ್ಕೋ ಅಂತಿದ್ದೆ. ಈ ಸಲ ಮೂರೂ ಜನ ಅದನ್ನ ಅಂಗೈಲಿ ಇಟ್ಕೊಂಡು ನೋಡ್ತಾ ಇರೋವಾಗ್ಲೇ ಮಗಳ ದಾರಕ್ಕೆ ಕಟ್ಟಿ ನೀರ ಮೇಲೆ ತೇಲಿಬಿಟ್ಟಿದ್ದ ಬೆಂಡು ಒಂಚೂರು ನಡುಗ್ತು, ಪಕ್ಕಕ್ಕೆ ಜರುಗ್ತು, ಗುಳುಕ್ ಅಂತ ಮುಳುಗ್ತು.

ಅವಳು ಜೋರಾಗಿ ಎಳೆದ್ಳು, ಮೀನು ಗಾಳಿಲಿ ಒಂದ್ಸಲ ಮಿಂಚಿ ನೀರಿಗೆ ಬಿತ್ತು. ಮುಖ ಸಪ್ಪಗಾಯ್ತು. ಮೀನು ಸಣ್ಣದು, ಎಳೀಬೇಡ, ಸುಮ್ನೆ ಎತ್ತು ಅಂದೆ. ಮತ್ತೆ ಹಾಕಿದ್ಳು, ಮತ್ತೆ ಮುಳುಗ್ತು, ಈ ಸಲ ಎತ್ತಿದ್ಳು. ನಾಕು ಬೆರಳಗಲದ ಮೀನು. ಅವಳ ಕೂಗಿಗೆ ಕೆರೆ ಆ ಕಡೆ ಇದ್ದ ಹಕ್ಕಿಗಳೆಲ್ಲ ಎದ್ದು ಹಾರಿದ್ವು!

ಮುಟ್ಟೋ ಮುಂಚೆ ಕೈ ಒದ್ದೆ ಮಾಡ್ಕೊಳ್ಳಿ ಅಂದೆ, ಒಣ ಕೈ ತಾಗಿದ್ರೆ ಮೀನಿನ ಮೈ ಮೇಲಿನ ಲೋಳೆ ಕಿತ್ತು ಬರತ್ತೆ, ಅದನ್ನ ಸೋಂಕಿಂದ ಕಾಯೋದೇ ಆ ಲೋಳೆ. ನೀರು ತುಂಬಿದ ಪಾರದರ್ಶಕ ಡಬ್ಬಿಗೆ ಬಿಟ್ವಿ. ಮಗ ಮೂಗು ಡಬ್ಬಿಗೆ ಅಂಟಿಸಿ, "ಇದು ಕಣ್ಣೇ ಮುಚ್ತಿಲ್ಲ" ಅಂದ. ಇದಕ್ಕೆ ರೆಪ್ಪೆ ಇಲ್ಲ, ಕಣ್ಣು ಬಿಟ್ಕೊಂಡೇ ರೆಸ್ಟ್ ಮಾಡತ್ತೆ ಅಂದೆ. ಅಷ್ಟರಲ್ಲಿ ಮಗಳು ಕೇಳಿದ್ಳು, "ಅಮ್ಮಾ, ಗಾಳ ಚುಚ್ಚಿದಾಗ ಇದಕ್ಕೆ ನೋವಾಗತ್ತಾ?"

ಇಲ್ಲ ಕಣೇ ಅಂದುಬಿಡೋದು ಸುಲಭ ಇತ್ತು, ನನಗೆ ಚಿಕ್ಕವಳಿದ್ದಾಗ ಹಂಗೇ ಹೇಳಿದ್ರು. ಆದ್ರೆ 2003ರಲ್ಲಿ ರೇನ್‌ಬೋ ಟ್ರೌಟ್ ಅನ್ನೋ ಮೀನಿನ ಬಾಯಿ, ತಲೆ ಭಾಗದಲ್ಲಿ ಗಾಯದ ಸುಳಿವು ಹಿಡಿಯೋ ನರಗಳಿವೆ ಅಂತ ಸಂಶೋಧಕರು ತೋರಿಸಿದ್ದಾರೆ, ಮೀನಿಗೆ ಅದು ನಮ್ಮ ಥರಾನೇ ಅನ್ಸತ್ತಾ ಅನ್ನೋದ್ರ ಮೇಲೆ ಚರ್ಚೆ ಇನ್ನೂ ನಡೀತಿದೆ. ಅವಳಿಗೆ ಹೇಳಿದ್ದು ಇಷ್ಟೇ, "ಆಗತ್ತೆ ಅಂತಾನೇ ಅಂದ್ಕೊಳ್ಳೋಣ, ಅದಕ್ಕೇ ಮುಳ್ಳು ಚಪ್ಪಟೆ ಮಾಡಿದ್ದು, ಬೇಗ ಬಿಡೋದು." ಅವಳು ಸ್ವಲ್ಪ ಹೊತ್ತು ಸುಮ್ನಿದ್ಳು. ನಾನು ಫೋಟೋಗೆ ಫೋನ್ ತೆಗೀತಿದ್ದೆ, ಬೇಡ ಅಂದು ಡಬ್ಬಿನ ನೀರಿಗೆ ಬಗ್ಗಿಸಿದ್ಳು, ಮೀನು ಜೊಂಡಿನ ಒಳಗೆ ನುಗ್ತು. ಆಮೇಲೆ ಹಿಡಿದ ಒಂದೊಂದನ್ನೂ ಎಣಿಸಿ, ನೋಡಿ, ತಾನೇ ಬಿಟ್ಟಳು. ಏಳು ಅವಳಿಗೆ, ಎರಡು ತಮ್ಮನಿಗೆ, ಹಿಟ್ಟಿನ ಉಂಡೆಗೇ.

ಒಂದೂವರೆ ಗಂಟೆ ಆದ್ಮೇಲೆ ಗಾಳಿ ಜೋರಾಯ್ತು, ಬೆಂಡು ನಿಲ್ತಿರ್ಲಿಲ್ಲ. ಇನ್ನೊಂದ್ಸಲ ಇನ್ನೊಂದ್ಸಲ ಅಂತಿರೋವಾಗ್ಲೇ ಹೊರಟ್ವಿ, ಸುಸ್ತಾಗಿ ಅಳೋವರೆಗೂ ಕೂರಿಸೋ ತಪ್ಪು ಮತ್ತೆ ಮಾಡ್ಲಿಲ್ಲ. ಕತ್ತರಿಸಿದ ದಾರದ ಚೂರನ್ನೂ ಹುಡುಕಿ ಜೇಬಿಗೆ ಹಾಕ್ಕೊಂಡ್ವಿ, ಹಕ್ಕಿ ಕಾಲಿಗೆ ಸುತ್ಕೊಳ್ಳತ್ತೆ ಅಂತ.

ಉಳಿದ ಹುಳಗಳನ್ನ ಅಲ್ಲೇ ಚೆಲ್ಲೋಕೆ ಮಗ ಬಿಡ್ಲಿಲ್ಲ. ಮನೆಗೆ ತಂದು, ಹಿಂದಿನ ದಿನ ಅಗೆದ ಜಾಗದಲ್ಲೇ 13 ಹುಳ ಎಣಿಸಿ ಬಿಟ್ಟು, ಎಲೆ ಮುಚ್ಚಿ, ಒಂದು ಲೋಟ ನೀರು ಹಾಕಿದ. ಮಗಳು ಪಕ್ಕದಲ್ಲೇ ನಿಂತು ನೋಡ್ತಾ, "ಮುಂದಿನ ಭಾನುವಾರಕ್ಕೆ ಇವೇ ಬೇಡ, ಇವಕ್ಕೆ ರಜಾ, ಬೇರೆ ಕಡೆ ಅಗೆಯೋಣ" ಅಂದ್ಳು.